ತವರಿನಿಂದ ಹೊರಡುವಾಗ ತಾಯಿ ಕಾರ್ಡ್ ಎಲ್ಲಿತ್ತು?

[ದೃಶ್ಯ: ಗುರುವಾರ ಬೆಳಿಗ್ಗೆ, ಅಂಗನವಾಡಿಯ ಜಗಲಿ. ಲಸಿಕೆಯ ಪೆಟ್ಟಿಗೆ, ಕೂಸು ಎತ್ತಿಕೊಂಡು ಕುಳಿತ ಬಾಣಂತಿಯರು]

ನಮಸ್ಕಾರ. ಮಗುವಿನ ಲಸಿಕೆ ತಪ್ಪಿತೆಂದರೆ ಸಾಕು, ‘ತಾಯಿಗೆ ತಿಳಿವಳಿಕೆ ಇಲ್ಲ’ ಎಂದು ಮಾತು ಮುಗಿಸಿಬಿಡುತ್ತೇವೆ. ನನಗದು ಒಪ್ಪಿಗೆಯಿಲ್ಲ.

ಹುಟ್ಟಿದಾಗ ಕೊಡುವ ಬಿಸಿಜಿ (ಕ್ಷಯದ ಲಸಿಕೆ), ಪೋಲಿಯೊ ಹನಿ, ಹೆಪಟೈಟಿಸ್ ಬಿ ಆಸ್ಪತ್ರೆಯಲ್ಲೇ ಮುಗಿಯುತ್ತವೆ. ತೊಡಕಿರುವುದು ಪೆಂಟಾವೇಲೆಂಟ್‌ನಲ್ಲಿ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳಿಗೆ ಒಂದೇ ಚುಚ್ಚುಮದ್ದು. 6, 10 ಮತ್ತು 14ನೇ ವಾರಕ್ಕೆ.

[ದೃಶ್ಯ: ಕಾರ್ಡಿನ ಮೇಲೆ ಓಡುವ ಬೆರಳು, 14ನೇ ವಾರದ ಖಾಲಿ ಚೌಕ]

ಮೊದಲೆರಡು ಡೋಸ್ ಬಾಣಂತನದಲ್ಲಿ, ತವರಿನಲ್ಲೇ ಆಗುತ್ತವೆ. 14ನೇ ವಾರವೆಂದರೆ ಮೂರು ತಿಂಗಳು ದಾಟಿರುತ್ತದೆ. ಮೂರನೇ ತಿಂಗಳಿಗೇ ಗಂಡನ ಮನೆಗೆ ಕಳಿಸಿಕೊಟ್ಟರೆ, ಲಸಿಕೆಗಳ ಲೆಕ್ಕ ಬರೆದಿಡುವ ತಾಯಿ ಕಾರ್ಡ್ ತವರಿನ ಬೀರುವಿನಲ್ಲೇ ಉಳಿದರೆ? ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಗೆ ಕೂಸು ಇನ್ನೂ ಏರಿಲ್ಲ. ತವರೂರಿನ ಕಾರ್ಯಕರ್ತೆಯರು ‘ಊರಿಗೆ ಹೋದರು’ ಎಂದು ಬರೆದುಕೊಂಡಿದ್ದಾರೆ.

ಇನ್ನೊಂದು ತೊಡಕು, ಲಸಿಕೆ ಹಾಕಿಸಿದ ದಿನದ ಜ್ವರದ ರಾತ್ರಿ. ತೊಡೆ ಊದಿದೆ, ಮಗು ಹಟ ಹಿಡಿದಿದೆ, ಬಾಗಿಲಲ್ಲಿ ನಿಂತ ಅತ್ತೆ ಕೇಳುತ್ತಾರೆ: ‘ಆಡಿಕೊಂಡಿದ್ದ ಕೂಸಿಗೆ ಜ್ವರ ಬರಿಸಿಕೊಂಡು ಬಂದೆಯಲ್ಲ?’ ಈ ಪ್ರಶ್ನೆಗೆ ಉತ್ತರ ಕೈಯಲ್ಲಿದ್ದರೆ ಮಾತ್ರ ಮುಂದಿನ ಲಸಿಕೆಯ ಗುರುವಾರಕ್ಕೆ ಧೈರ್ಯ. ಉತ್ತರ ಇಷ್ಟೇ: ದೇಹ ಲಸಿಕೆಗೆ ಸ್ಪಂದಿಸುವಾಗ ಒಂದೆರಡು ದಿನ ಜ್ವರ ಬರಬಹುದು. ಹಾಲೂಡಿಸುತ್ತಿರಿ. ಊದಿದ ಕಡೆ ತಣ್ಣೀರಿನ ಬಟ್ಟೆ ಇಡಿ, ತಿಕ್ಕಬೇಡಿ. ಪ್ಯಾರಾಸಿಟಮಾಲ್ ಎಷ್ಟು ಹಾಕಬೇಕೆಂದು ಲಸಿಕೆ ಹಾಕಿದ ಸಿಸ್ಟರ್ ಅವರನ್ನೇ ಕೇಳಿ. ಫಿಟ್ಸ್ ಬಂದರೆ, ಮಗು ಹಾಲು ಬಿಟ್ಟರೆ, ಗಂಟೆಗಟ್ಟಲೆ ಅಳು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ನಡೆಯಿರಿ.

ಬಿಸಿಜಿ ಹಾಕಿದ ಎಡತೋಳಿನಲ್ಲಿ ಕೆಲವು ವಾರಗಳ ಮೇಲೆ ಗುಳ್ಳೆ ಎದ್ದು ಒಡೆಯುತ್ತದೆ. ಅದಕ್ಕೆ ಅರಿಸಿನ, ಎಣ್ಣೆ ಏನೂ ಬೇಡ, ತಾನೇ ಒಣಗುತ್ತದೆ. (ಬಜೆ ತೇಯುವ ಅಜ್ಜಿಯರೊಡನೆ ನನಗೆ ಜಗಳವಿಲ್ಲ. ನಾಯಿಕೆಮ್ಮು ಹೇಗಿರುತ್ತಿತ್ತೆಂದು ಅವರನ್ನೇ ಕೇಳಿ, ಕಂಡವರು ಅವರೇ.)

ಒಂದು ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಸಣ್ಣ ನೆಗಡಿಯಿದ್ದರೂ ಲಸಿಕೆ ಹಾಕಿಸಬಹುದು. ಬೈಯುತ್ತಾರೆಂದು ಹೆದರಿ ಮನೆಯಲ್ಲೇ ಕೂರಬೇಡಿ. 9ನೇ ತಿಂಗಳು ತುಂಬಿದಾಗ ದಡಾರ–ರುಬೆಲ್ಲಾ ಲಸಿಕೆ ಬೇರೆ ಕಾಯುತ್ತಿರುತ್ತದೆ.

ಹೊರಡುವ ಮುನ್ನ ಕಾರ್ಡಿನ ಎಲ್ಲ ಪುಟಗಳ ಫೋಟೊ ತೆಗೆದು ಗಂಡನ ಮೊಬೈಲ್‌ಗೂ ಕಳಿಸಿ.

[ದೃಶ್ಯ: ಕುಲಾವಿ, ಬೆಳ್ಳಿ ಕಡಗ, ಮಡಿಸಿದ ದುಪ್ಪಟಿ ತುಂಬಿದ ಚೀಲ. ಎಲ್ಲದರ ಮೇಲೆ ತಾಯಿ ಕಾರ್ಡ್ ಇಟ್ಟು ಜಿಪ್ ಎಳೆಯುವ ಕೈ]