ಬಿದ್ದವನನ್ನು ಎಳೆದುಕೊಂಡು ಹೋಗುವ ಆಟ

ನಮಸ್ಕಾರ ಕೇಳುಗರೇ. ಇವತ್ತು ನಾನು ಮಾತಾಡೋಕೆ ಹೊರಟಿರುವುದು ಒಂದು ವಿಡಿಯೋ ಗೇಮ್ ಬಗ್ಗೆ. ಅದೂ ಬಂದೂಕು ಹಿಡಿದು ಸುಡುವ ಗೇಮ್. ತಕ್ಷಣ ಸ್ಟೇಷನ್ ಬದಲಾಯಿಸಬೇಡಿ, ಸ್ವಲ್ಪ ಕೇಳಿ.

ಆಟದ ಹೆಸರು ಬ್ಯಾಟಲ್‌ಫೀಲ್ಡ್ 6. 2002ರಲ್ಲಿ ಶುರುವಾದ ಸರಣಿ ಇದು. ಎರಡು ಸೈನ್ಯ, ದೊಡ್ಡ ಮೈದಾನ, ಟ್ಯಾಂಕು, ಹೆಲಿಕಾಪ್ಟರು, ಒಂದೊಂದು ಕಡೆ ಮೂವತ್ತೆರಡು ಜನ. ಎಲ್ಲರೂ ಬೇರೆ ಬೇರೆ ಊರಲ್ಲಿ ತಮ್ಮ ತಮ್ಮ ಮನೆಯಲ್ಲಿ ಕೂತು ಇಂಟರ್‌ನೆಟ್‌ನಲ್ಲಿ ಒಟ್ಟಿಗೆ ಆಡುವವರು. ಈ ಆಟ ಅಂಗಡಿಗೆ ಬಂದದ್ದು 2025ರ ಅಕ್ಟೋಬರ್ 10ಕ್ಕೆ. ಆದರೆ ಆಗಸ್ಟ್‌ನಲ್ಲೇ ಎರಡು ವಾರಾಂತ್ಯ ಎಲ್ಲರಿಗೂ ಪುಕ್ಕಟೆ ಆಡೋಕೆ ಬಿಟ್ಟಿದ್ದರು. ಇದಕ್ಕೆ ಓಪನ್ ಬೀಟಾ ಅನ್ನುತ್ತಾರೆ.

ಬೀಟಾ ಅಂದರೆ ಏನು ಅಂತ ಅಮ್ಮ ಕೇಳಿದ್ದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮದುವೆ ಅಡುಗೆಯಲ್ಲಿ ಉಪ್ಪು ಸರಿಯಾಗಿದೆಯಾ ಅಂತ ನೋಡೋಕೆ ನಾಲ್ಕು ಜನ ಸಾಕು. ಆದರೆ ಸಾವಿರ ಜನ ಒಂದೇ ಸಲ ಪಂಕ್ತಿಗೆ ಕೂತರೆ ಬಡಿಸೋಕೆ ಆಗುತ್ತದಾ, ನೀರು ಸಾಲುತ್ತದಾ, ಸಾರಿನ ಬಕೆಟ್ ಕೊನೇ ಎಲೆ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತದಾ ಅನ್ನುವುದನ್ನು ನೋಡೋಕೆ ಸಾವಿರ ಜನಾನೇ ಬೇಕು. ಹಾಗೆ ಕರೆದು ಕೂರಿಸುವುದೇ ಓಪನ್ ಬೀಟಾ. ಈ ಪಂಕ್ತಿಗೆ ಎಷ್ಟು ಜನ ಬಂದರು ಗೊತ್ತಾ? ಸ್ಟೀಮ್ ಅನ್ನುವ ಒಂದೇ ಒಂದು ಆನ್‌ಲೈನ್ ಗೇಮ್ ಅಂಗಡಿಯಲ್ಲಿ, ಬರೀ ಕಂಪ್ಯೂಟರ್‌ನಲ್ಲಿ ಆಡುವವರು, ಒಂದೇ ಹೊತ್ತಿಗೆ 5 ಲಕ್ಷ 21 ಸಾವಿರ ಜನ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಲೆಕ್ಕ ಇದರಲ್ಲಿ ಸೇರಿಲ್ಲ.

ಮೊದಲೇ ಆಟದ ಲೈವ್ ನೋಡಿ ಕೋಡ್ ಗಿಟ್ಟಿಸಿಕೊಂಡವರಿಗೆ ಆಗಸ್ಟ್ 7ರ ಗುರುವಾರವೇ ಬಾಗಿಲು ತೆರೆದಿತ್ತು. ನಾನು ಗಿಟ್ಟಿಸಿಕೊಂಡಿರಲಿಲ್ಲ. ಒಳ್ಳೆಯದೇ ಆಯಿತು ಬಿಡಿ, ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಮನೆ ತುಂಬ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು, ಒಳಗಡೆ ಕೋಣೆಯಿಂದ ಮೆಷಿನ್ ಗನ್ ಸದ್ದು. ಚೆನ್ನಾಗಿರುತ್ತಿತ್ತಾ? ಶನಿವಾರ ಮಧ್ಯಾಹ್ನ ನಮ್ಮ ಗಂಟೆ ಒಂದೂವರೆಗೆ ಎಲ್ಲರಿಗೂ ಬಿಟ್ಟರು. ನಾನು ಹಬ್ಬದಲ್ಲಿ ಉಳಿದ ಒಬ್ಬಟ್ಟು ತಟ್ಟೆಗೆ ಹಾಕಿಕೊಂಡು, ಹೆಡ್‌ಫೋನ್ ಏರಿಸಿ ಕೂತೆ.

ಆಟ ತೆರೆಯಲಿಲ್ಲ. ಸೆಕ್ಯೂರ್ ಬೂಟ್ ಆನ್ ಇಲ್ಲ ಅಂತ ಒಂದು ಸಾಲು ಬಂತು, ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆನ್‌ಲೈನ್ ಆಟದಲ್ಲಿ ಮೋಸ ಮಾಡುವವರ ಕಾಟ ಜಾಸ್ತಿ. ಗೋಡೆಯಾಚೆ ಯಾರಿದ್ದಾರೆ ಅಂತ ತೋರಿಸುವ, ಗುರಿಯನ್ನು ತಾನೇ ಇಡುವ ಕಳ್ಳ ಸಾಫ್ಟ್‌ವೇರ್‌ಗಳಿವೆ. ಕೆಲವು ಎಷ್ಟು ಚಾಲಾಕಿ ಅಂದರೆ ವಿಂಡೋಸ್ ಏಳುವುದಕ್ಕೂ ಮುಂಚೆಯೇ ಒಳಗೆ ಸೇರಿ ಅಡಗಿ ಕೂತುಬಿಡುತ್ತವೆ. ಆಮೇಲೆ ಬಂದ ಕಾವಲುಗಾರನಿಗೆ ಅವು ಕಾಣಿಸುವುದೇ ಇಲ್ಲ. ಸೆಕ್ಯೂರ್ ಬೂಟ್ ಅನ್ನುವುದು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಒಬ್ಬೊಬ್ಬರ ಗುರುತು ಚೀಟಿ ನೋಡಿ ಒಳಗೆ ಬಿಡುವ ವ್ಯವಸ್ಥೆ. ಆಟದ ಕಾವಲುಗಾರನ ಹೆಸರು ಜಾವೆಲಿನ್. ಮೊದಲ ಎರಡು ದಿನದಲ್ಲೇ ಮೋಸದ 3 ಲಕ್ಷ 30 ಸಾವಿರ ಪ್ರಯತ್ನ ತಡೆದಿದ್ದೇವೆ ಅಂತ ತಯಾರಕರು ಹೇಳಿಕೊಂಡರು. ಆದರೂ ಮೊದಲ ದಿನವೇ ಕಳ್ಳರು ಒಳಗೆ ನುಗ್ಗಿದ್ದ ವಿಡಿಯೋಗಳೂ ಓಡಾಡಿದವು. ಬೀಗ ಹಾಕಿದ್ದೀವಿ ಅಂದಮಾತ್ರಕ್ಕೆ ಕಳ್ಳತನ ನಿಲ್ಲುತ್ತದಾ?

ಈಗ ನನ್ನ ಕಥೆ. ನನ್ನ ಪಿಸಿ 2019ರಲ್ಲಿ ಎಸ್‌ಪಿ ರೋಡ್ ಸುತ್ತಿ ಬಿಡಿ ಭಾಗ ತಂದು ನಾನೇ ಜೋಡಿಸಿದ್ದು. ವಿಂಡೋಸ್ ಹಾಕಿದ್ದೂ ನಾನೇ, ಅದೂ ಹಳೇ ಪದ್ಧತಿಯಲ್ಲಿ. ಹಳೇ ಪದ್ಧತಿಯ ಡಿಸ್ಕ್ ಇದ್ದರೆ ಸೆಕ್ಯೂರ್ ಬೂಟ್ ಕೆಲಸ ಮಾಡುವುದಿಲ್ಲ, ಮೊದಲು ಡಿಸ್ಕನ್ನು ಎಂಬಿಆರ್ ಅನ್ನುವ ಹಳೇ ವಿನ್ಯಾಸದಿಂದ ಜಿಪಿಟಿ ಅನ್ನುವ ಹೊಸದಕ್ಕೆ ಬದಲಾಯಿಸಿ, ಆಮೇಲೆ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪರದೆಗೆ ಹೋಗಬೇಕು. ನಾನು ಮಹಾ ಬುದ್ಧಿವಂತ, ಉಲ್ಟಾ ಮಾಡಿದೆ. ಮೊದಲು ಬಯಾಸ್‌ಗೆ ಹೋಗಿ ಸ್ವಿಚ್ ಒತ್ತಿದೆ. ಪಿಸಿ ಏಳಲಿಲ್ಲ. ಎಷ್ಟು ಸಲ ಆನ್ ಮಾಡಿದರೂ ತಿರುಗಿ ಅದೇ ಬಯಾಸ್ ಪರದೆ. ಹತ್ತು ವರ್ಷದ ಫೋಟೋಗಳೆಲ್ಲ ಅದರಲ್ಲೇ ಇವೆ. ಕೈ ನಡುಗಿತು. ಎಲ್ಲವನ್ನೂ ಮೊದಲಿನಂತೆ ಮಾಡಿ, ಫೋಟೋಗಳನ್ನು ಪೆನ್‌ಡ್ರೈವ್‌ಗೆ ಇಳಿಸಿ, ವಿಂಡೋಸ್‌ನಲ್ಲೇ ಇರುವ ಕಮಾಂಡ್ ಕೊಟ್ಟು ಡಿಸ್ಕ್ ಬದಲಾಯಿಸಿ, ಮತ್ತೆ ಬಯಾಸ್‌ಗೆ ಹೋಗಿ ಎಲ್ಲ ಸರಿ ಮಾಡುವಷ್ಟರಲ್ಲಿ ರಾತ್ರಿ ಹನ್ನೊಂದು. ಒಬ್ಬಟ್ಟು ಒಣಗಿ ಅಪ್ಪಳವಾಗಿತ್ತು. ಸುಡುವ ಆಟ ಆಡೋಕೆ ಬಂದು ನಾನು ಅವತ್ತು ಮಾಡಿದ್ದು ಬರೀ ಮೆಕ್ಯಾನಿಕ್ ಕೆಲಸ.

ಭಾನುವಾರ ಬೆಳಗ್ಗೆ ಕೊನೆಗೂ ಒಳಗೆ ಹೋದೆ. ನಕ್ಷೆ, ಅಂದರೆ ಪಂದ್ಯ ನಡೆಯುವ ರಣರಂಗ, ಕೈರೋ, ಈಜಿಪ್ಟ್ ರಾಜಧಾನಿಯ ಗಲ್ಲಿಗಳು. ಇದು ರೇಡಿಯೋ ಆದ್ದರಿಂದ ಚಿತ್ರದ ವಿಷಯ ಬಿಟ್ಟು ಸದ್ದಿನ ವಿಷಯ ಹೇಳುತ್ತೇನೆ, ಹೇಗೂ ಈ ಆಟದ ಅರ್ಧ ಜೀವ ಅದೇ. ಮನೆಯೊಳಗೆ ನಿಂತು ಹೊಡೆದರೆ ಸದ್ದು ಕಿವಿಗೆ ಅಪ್ಪಳಿಸುತ್ತದೆ. ಅದೇ ಬಂದೂಕನ್ನು ಬೀದಿಯಲ್ಲಿ ಹೊಡೆದರೆ ಸದ್ದು ಗೋಡೆಯಿಂದ ಗೋಡೆಗೆ ಓಡಿಹೋಗಿ ಎಲ್ಲೋ ದೂರದಲ್ಲಿ ಸಾಯುತ್ತದೆ. ಪಕ್ಕದ ಬೀದಿಯಲ್ಲಿ ಟ್ಯಾಂಕ್ ಬರುತ್ತಿದೆ ಅನ್ನುವುದು ಕಣ್ಣಿಗೆ ಕಾಣುವ ಮುಂಚೆಯೇ ಹೆಡ್‌ಫೋನ್‌ನಲ್ಲಿ ಗುರ್ ಅನ್ನುತ್ತದೆ. ಮೇಲಿನಿಂದ ಜಲ್ಲಿ ಉದುರುವ ಸದ್ದು ಕೇಳಿದರೆ ಯೋಚಿಸುತ್ತಾ ನಿಲ್ಲಬೇಡಿ, ಆ ಗೋಡೆ ಬೀಳುತ್ತದೆ. ಇಲ್ಲಿ ಗೋಡೆಗಳು ನಿಜವಾಗಿಯೂ ಒಡೆಯುತ್ತವೆ. ದೊಡ್ಡ ಸುತ್ತಿಗೆ ಕೊಟ್ಟಿದ್ದಾರೆ, ಬಾಗಿಲು ಹುಡುಕೋಕೆ ಬೇಜಾರಾದರೆ ಗೋಡೆ ಒಡೆದುಕೊಂಡೇ ಹೋಗಬಹುದು. ಕನಿಷ್ಠ ಇಷ್ಟಾದರೂ ಇರಲಿ ಅಂತ ತಯಾರಕರು ಪಟ್ಟಿಯಲ್ಲಿ ಹಾಕಿದ್ದ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 2060, ನನ್ನದೂ ಅದೇ. ಚಿತ್ರದ ಗುಣಮಟ್ಟ ಇಳಿಸಿದ ಮೇಲೆ ಇಷ್ಟೆಲ್ಲ ಒಡೆದು ಬೀಳುವಾಗಲೂ ತಡವರಿಸದೆ ಓಡಿತು. ನಿಜ ಹೇಳಬೇಕಂದರೆ ನಾನು ಅಷ್ಟು ನಿರೀಕ್ಷಿಸಿರಲಿಲ್ಲ.

ಆದರೆ ನಾನು ಇವತ್ತು ಇಲ್ಲಿ ಬಂದು ಕೂತಿರುವುದು ಸದ್ದಿಗೂ ಅಲ್ಲ, ಗೋಡೆಗೂ ಅಲ್ಲ.

ಈ ಆಟದಲ್ಲಿ ನಾಲ್ಕು ಜನರ ಒಂದೊಂದು ಸ್ಕ್ವಾಡ್ ಮಾಡುತ್ತಾರೆ. ನುಗ್ಗಿ ಹೋಗುವವನು, ಟ್ಯಾಂಕ್ ರಿಪೇರಿ ಮಾಡುವವನು, ಮದ್ದುಗುಂಡು ಹಂಚಿ ಚಿಕಿತ್ಸೆ ಕೊಡುವವನು, ದೂರದಿಂದ ಗುರಿ ಇಡುವವನು, ಹೀಗೆ ನಾಲ್ಕು ಪಾತ್ರ, ಬೇಕಾದ್ದು ಆರಿಸಿಕೊಳ್ಳಬಹುದು. ನೀವು ಗುಂಡು ತಿಂದು ಬಿದ್ದರೆ ತಕ್ಷಣ ಸಾಯುವುದಿಲ್ಲ. ಕೆಲವು ಕ್ಷಣ ಅಲ್ಲೇ ಬಿದ್ದಿರುತ್ತೀರಿ, ಸಹಾಯ ಕೇಳಬಹುದು. ಹಳೇ ಆಟಗಳಲ್ಲಿ ಗೆಳೆಯ ಓಡಿ ಬಂದು, ನೀವು ಬಿದ್ದ ಜಾಗದಲ್ಲೇ ಕೂತು ಎಬ್ಬಿಸಬೇಕಿತ್ತು. ಅಂದರೆ ನಿಮಗೆ ಗುಂಡು ಬಿದ್ದ ಅದೇ ಜಾಗದಲ್ಲಿ ಅವನಿಗೂ ಬೀಳುತ್ತಿತ್ತು. ಒಬ್ಬರ ಮೇಲೆ ಒಬ್ಬರು ಬಿದ್ದು ಹೆಣದ ರಾಶಿ. ಈ ಸಲ ಹೊಸದಾಗಿ ಒಂದು ಕೊಟ್ಟಿದ್ದಾರೆ: ಬಿದ್ದವನನ್ನು ಹಿಡಿದು ಎಳೆದುಕೊಂಡು ಹೋಗಬಹುದು. ಗೋಡೆ ಮರೆಗೆ ಎಳೆಯುತ್ತಲೇ ಎಬ್ಬಿಸಬಹುದು.

ಕೇಳೋಕೆ ಸಣ್ಣದು ಅನಿಸುತ್ತದೆ ಅಲ್ವಾ? ನನಗೆ ಮೊದಲ ಸಲ ಆದಾಗ ಹೀಗಿತ್ತು. ಬೀದಿಯ ನಡುವೆ ಬಿದ್ದಿದ್ದೆ, ಪರದೆಯಲ್ಲಿ ಆಕಾಶ ಬಿಟ್ಟು ಏನೂ ಇಲ್ಲ, ಇನ್ನೇನು ಕೈಬಿಟ್ಟು ಹೊಸದಾಗಿ ಶುರು ಮಾಡೋಣ ಅಂದುಕೊಳ್ಳುವಷ್ಟರಲ್ಲಿ ಆಕಾಶ ಹಿಂದಕ್ಕೆ ಸರಿಯೋಕೆ ಶುರುವಾಯಿತು. ಯಾರೋ ನನ್ನನ್ನು ಎಳೆಯುತ್ತಿದ್ದಾರೆ. ಅವನು ಯಾವ ದೇಶದವನೋ, ಹೈಸ್ಕೂಲ್ ಹುಡುಗನೋ, ಮೊಮ್ಮಕ್ಕಳಿರುವ ಅಜ್ಜನೋ ಗೊತ್ತಿಲ್ಲ. ಎರಡು ಕೈಯೂ ನನ್ನ ಮೇಲೆ, ಅಂದರೆ ಅವನು ತಿರುಗಿ ಹೊಡೆಯುವ ಹಾಗಿಲ್ಲ. ಆ ಹೊತ್ತಿನಲ್ಲಿ ಅವನಿಗೂ ರಕ್ಷಣೆ ಇಲ್ಲ. ಎಬ್ಬಿಸಿದ, ಎದ್ದೆ, ಅವನು ಓಡಿಹೋದ. ಆವತ್ತು ಸಂಜೆವರೆಗೆ ನಾನು ಶತ್ರುಗಳನ್ನು ಹುಡುಕುವುದು ಬಿಟ್ಟು ಬಿದ್ದವರನ್ನು ಹುಡುಕಿಕೊಂಡು ಓಡಾಡಿದೆ. ಹೊಡೆದ ಲೆಕ್ಕ ನೋಡಿದರೆ ನಾಚಿಕೆಗೇಡು, ಕೊನೇ ಸಾಲಿನಲ್ಲಿ ನನ್ನ ಹೆಸರು. ಆದರೆ ಇಷ್ಟು ಖುಷಿಯಾಗಿ ಇಂಥ ಆಟ ಆಡಿ ವರ್ಷಗಳೇ ಆಗಿದ್ದವು. ಕಾಲೇಜು ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಸಾಲಾಗಿ ಕೂತು ಕೌಂಟರ್‌ಸ್ಟ್ರೈಕ್ ಆಡುತ್ತಿದ್ದೆವಲ್ಲ, ಪಕ್ಕದವನ ಭುಜ ತಟ್ಟಿ ಹಿಂದೆ ನೋಡೋ ಅಂತ ಕೂಗುತ್ತಿದ್ದೆವಲ್ಲ, ಆ ಥರದ ಖುಷಿ.

ಹಾಗಾದರೆ ಎಲ್ಲ ಚೆನ್ನಾಗಿದೆಯಾ? ಇಲ್ಲ. ಬೀಟಾದಲ್ಲಿ ಕೊಟ್ಟ ನಕ್ಷೆಗಳು ಚಿಕ್ಕವು. ಕೈರೋ ಇಕ್ಕಟ್ಟು, ಜಿಬ್ರಾಲ್ಟರ್ ಇಕ್ಕಟ್ಟು, ಎರಡನೇ ವಾರ ಬಂದ ನ್ಯೂಯಾರ್ಕಿನ ಬ್ರೂಕ್ಲಿನ್ ಇನ್ನೂ ಇಕ್ಕಟ್ಟು, ಅಲ್ಲಿ ಟ್ಯಾಂಕೂ ಇಲ್ಲ. ತಜಿಕಿಸ್ತಾನದ ಬೆಟ್ಟದ ನಕ್ಷೆ ಒಂದೇ ಸ್ವಲ್ಪ ಉಸಿರಾಡೋಕೆ ಬಿಟ್ಟಿತು, ಆದರೆ ಅಲ್ಲಿ ಬೆಟ್ಟದ ತುದಿಯಲ್ಲಿ ಮಲಗಿ ಗುರಿ ಇಟ್ಟವರ ಕಾಟ. ಇಕ್ಕಟ್ಟಾದ ಕಡೆ ಮುಂದೆ ನೋಡಿದರೆ ಹಿಂದಿನಿಂದ ಹೊಡೆಯುತ್ತಾರೆ. ಬಿದ್ದವನನ್ನು ಎಳೆದು ಮರೆಗೆ ಒಯ್ಯೋಣ ಅಂದರೆ ಮರೆ ಅನ್ನುವುದೇ ಇಲ್ಲ, ಎಲ್ಲ ಕಡೆಯಿಂದಲೂ ಜನ. ಆಟದಲ್ಲಿ ಇರುವ ಒಳ್ಳೆಯ ಗುಣಕ್ಕೆ ಜಾಗವನ್ನೇ ಕೊಡದ ಹಾಗಾಯಿತು ಇದು. ಜೊತೆಗೆ ಓಡಿ ಬಂದು ಜಾರಿ, ಜಾರಿದ ವೇಗದಲ್ಲೇ ಹಾರಿ, ಹಾರುತ್ತಲೇ ಹೊಡೆಯುವ ಮಂಗನಾಟ ಬೇರೆ. ಎಂ87ಎ1 ಅನ್ನುವ ಶಾಟ್‌ಗನ್ ಹಿಡಿದು ಹೀಗೆ ಹಾರಿ ಬಂದವನ ಮುಂದೆ ಯಾರೂ ಉಳಿಯುತ್ತಿರಲಿಲ್ಲ.

ನನ್ನ ಚಿಕ್ಕಪ್ಪನ ಮಗ ಪಿಯುಸಿ ಓದುತ್ತಾನೆ, ಮೊಬೈಲ್‌ನಲ್ಲಿ ಬಿಜಿಎಂಐ ಅನ್ನುವ ಸುಡುವ ಆಟ ಆಡಿ ಬೆಳೆದವನು. ಸ್ವಾತಂತ್ರ್ಯ ದಿನದ ರಜೆಗೆ ಮನೆಗೆ ಬಂದಿದ್ದ, ಎರಡನೇ ವಾರದ ಬೀಟಾ ಆಗ ನಡೆಯುತ್ತಿತ್ತು. ಕೂರಿಸಿದೆ. ಅವನಿಗೆ ಹಿಡಿಸಿದ್ದೇ ಈ ಜಾರಿ ಹಾರುವುದು. "ಅಣ್ಣಾ, ನೀನು ಸುಮ್ನೆ ಯಾಕೆ ಎಲ್ಲರನ್ನೂ ಎಳೆದುಕೊಂಡು ಓಡಾಡ್ತೀಯ, ಅವರು ಹೆಂಗೂ ಹತ್ತು ಸೆಕೆಂಡಿಗೆ ವಾಪಸ್ ಬರ್ತಾರಲ್ಲ" ಅಂದ. ಲೆಕ್ಕದಲ್ಲಿ ಅವನು ಹೇಳಿದ್ದು ಸರಿ. ನಾನು ಉತ್ತರ ಕೊಡಲಿಲ್ಲ. ಅವನು ಅರ್ಧ ಗಂಟೆಯಲ್ಲಿ ನನ್ನ ಎರಡು ದಿನದ ಲೆಕ್ಕ ದಾಟಿಸಿ ಎದ್ದು ಊಟಕ್ಕೆ ಹೋದ.

ಬೀಟಾ ಮುಗಿದ ಮೇಲೆ ತಯಾರಕರು ಕೆಲವು ಬದಲಾವಣೆ ಹೇಳಿದರು. ಜಾರಿ ಹಾರುವ ವೇಗ ತಗ್ಗಿಸುತ್ತೇವೆ, ಹಾರುತ್ತಾ ಹೊಡೆದರೆ ಗುರಿ ತಪ್ಪುವುದು ಜಾಸ್ತಿಯಾಗುತ್ತದೆ, ಆ ಶಾಟ್‌ಗನ್ನಿನ ಕೊಬ್ಬನ್ನೂ ಇಳಿಸುತ್ತೇವೆ ಅಂದರು. ಆಪರೇಷನ್ ಫೈರ್‌ಸ್ಟಾರ್ಮ್, ಮಿರಾಕ್ ವ್ಯಾಲಿ ಅಂತ ದೊಡ್ಡ ನಕ್ಷೆಗಳೂ ಪೂರ್ತಿ ಆಟದಲ್ಲಿ ಇವೆ. 2021ರಲ್ಲಿ ಬಂದ ಈ ಸರಣಿಯ ಹಿಂದಿನ ಆಟ, ಬ್ಯಾಟಲ್‌ಫೀಲ್ಡ್ 2042, ಒಂದು ಪಂದ್ಯಕ್ಕೆ 128 ಜನರನ್ನು ತುಂಬಿ, ಈ ನಾಲ್ಕು ಪಾತ್ರಗಳನ್ನೇ ತೆಗೆದು ಹಾಕಿ ಆಟಗಾರರಿಂದ ಚೆನ್ನಾಗಿ ಬೈಸಿಕೊಂಡಿತ್ತು. ಈ ಸಲ ಕಿವಿ ಸ್ವಲ್ಪ ತೆರೆದಿಟ್ಟಿದ್ದಾರೆ ಅನಿಸುತ್ತದೆ. ಆದರೂ ನಾನು ಮೊದಲೇ ದುಡ್ಡು ಕಟ್ಟಿ ಬುಕ್ ಮಾಡಲಿಲ್ಲ. ದೊಡ್ಡ ನಕ್ಷೆ ಆಡಿದವರ ಮಾತು ಕೇಳಿಯೇ ಕೊಳ್ಳುವುದು ಅಂದುಕೊಂಡೆ.

ಎರಡನೇ ವಾರದ ಬೀಟಾ ಸೋಮವಾರ ಮಧ್ಯಾಹ್ನದವರೆಗೆ ಇತ್ತು. ನನಗೆ ಸೋಮವಾರ ಆಫೀಸು, ಹಾಗಾಗಿ ಭಾನುವಾರ ರಾತ್ರಿಯೇ ಕೊನೆ. ಕೊನೇ ಪಂದ್ಯ, ಮತ್ತೆ ಕೈರೋ. ಅಂಗಡಿ ಸಾಲಿನ ಮುಂದೆ ಬಿದ್ದೆ. ಸ್ಕ್ವಾಡ್‌ನ ಒಬ್ಬ ಓಡಿ ಬಂದ. ಹಿಡಿದು ಎಳೆದ. ಸುತ್ತ ಗುಂಡು ಹಾರುತ್ತಿದೆ, ಒಂದೂ ತಾಗಲಿಲ್ಲ. ಅಷ್ಟು ದೂರ ಎಳೆದು, ಒಂದು ಗೋಡೆಯ ಹಿಂದೆ ತಂದು, ಎಬ್ಬಿಸಿಯೂ ಬಿಟ್ಟ. ನಾನು ಏಳುತ್ತಿದ್ದೇನೆ, ಕಿವಿಯಲ್ಲಿ ಗುರ್ ಅಂತ ಸದ್ದು. ಟ್ಯಾಂಕ್. ಆಮೇಲೆ ಜಲ್ಲಿ ಉದುರುವ ಸದ್ದು. ಆ ಗೋಡೆ ಪೂರ್ತಿ ನಮ್ಮಿಬ್ಬರ ಮೇಲೆ ಬಂತು.

ಕೆಳಗೆ ಚಾಟ್‌ನಲ್ಲಿ ಒಂದು ಸಾಲು ಕಾಣಿಸಿತು. "ಸಾರಿ ಬ್ರೋ." ನಾನು ನಗುತ್ತಾ ಏನೋ ಟೈಪ್ ಮಾಡೋಕೆ ಹೋದೆ, ಅಷ್ಟರಲ್ಲಿ ಪಂದ್ಯ ಮುಗಿದು ಪರದೆ ಬದಲಾಯಿತು.