ಪ್ರೊಜೆಕ್ಟರ್ ಡೆಮೊ: ಮೊದಲು ಕಪ್ಪು ನೋಡಿ, ಆಮೇಲೆ ಬಣ್ಣ

[ದೃಶ್ಯ: ಅಂಗಡಿಯ ಡೆಮೊ ಕೋಣೆ, ಪರದೆ ತುಂಬಾ ಬಣ್ಣದ ಗಿಳಿ]

ನಮಸ್ಕಾರ. ದುಬಾರಿ ಹೋಮ್ ಥಿಯೇಟರ್ ಪ್ರೊಜೆಕ್ಟರ್ ನೋಡೋಕೆ ಹೋದರೆ ಅಂಗಡಿಯವರು ಹಾಕೋದು ಹೂವು, ಗಿಳಿ, ಕತ್ತರಿಸಿದ ಹಣ್ಣು. ಅಂಥ ಕ್ಲಿಪ್‌ನಲ್ಲಿ ಒಂದು ಲಕ್ಷದ್ದೂ ಚೆಂದ, ಹತ್ತು ಲಕ್ಷದ್ದೂ ಚೆಂದ. ಕೊಟ್ಟ ದುಡ್ಡು ಎಲ್ಲಿಗೆ ಹೋಯ್ತು ಅಂತ ಗೊತ್ತಾಗೋದು ಕತ್ತಲೆ ದೃಶ್ಯದಲ್ಲಿ. ಅದಕ್ಕೇ ಟೆಸ್ಟ್ ಪ್ಯಾಟರ್ನ್‌ಗಳನ್ನೂ ನಿಮಗೆ ಚೆನ್ನಾಗಿ ಗೊತ್ತಿರೋ ಸಿನಿಮಾದ ರಾತ್ರಿ ದೃಶ್ಯವನ್ನೂ ಪೆನ್‌ಡ್ರೈವ್‌ನಲ್ಲಿ ನೀವೇ ತಗೊಂಡು ಹೋಗಿ.

ಯಂತ್ರ ಅರ್ಧ ಗಂಟೆ ಓಡಿದ ಮೇಲೆ ಫೋಕಸ್ ಮಾಡಿಸಿ. ಲೆನ್ಸ್ ಬಿಸಿಯಾದಂತೆ ಫೋಕಸ್ ಸ್ವಲ್ಪ ಜಾರುತ್ತೆ. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಹಾಕಿ. ಫ್ರೇಮ್ ಇಂಟರ್‌ಪೊಲೇಶನ್ (ನಡುವೆ ಹೊಸ ಫ್ರೇಮ್ ಸೇರಿಸಿ ಚಲನೆ ನಯ ಮಾಡೋದು) ಆಫ್. ಕೀಸ್ಟೋನ್, ಅಂದ್ರೆ ಓರೆಯಾದ ಚಿತ್ರವನ್ನು ಚೌಕ ಮಾಡೋ ಸೆಟ್ಟಿಂಗ್, ಸೊನ್ನೆ. ಕೀಸ್ಟೋನ್ ಕೊಟ್ಟರೆ ಪ್ರತಿ ಪಿಕ್ಸೆಲ್ಲನ್ನೂ ಮತ್ತೆ ಲೆಕ್ಕ ಹಾಕಿ ಚಿತ್ರ ಹಿಗ್ಗಿಸಬೇಕಾಗುತ್ತೆ, ಸಣ್ಣ ಗೆರೆಗಳೆಲ್ಲ ಕಲಸಿಹೋಗುತ್ತವೆ.

[ದೃಶ್ಯ: ಪೂರ್ತಿ ಕಪ್ಪು ಫ್ರೇಮ್, ನಂತರ ಒಂದು ಮೂಲೆಯಲ್ಲಿ ಚಿಕ್ಕ ಬಿಳಿ ಅಕ್ಷರ]

ಲೈಟ್ ಆರಿಸಿ, ಕಣ್ಣು ಹೊಂದಿಕೊಳ್ಳೋಕೆ ಐದು ನಿಮಿಷವಾದರೂ ಕೊಡಿ. ಈಗ ಪೂರ್ತಿ ಕಪ್ಪು ಫ್ರೇಮ್. ಪರದೆ ಸಂಪೂರ್ಣ ಮಾಯವಾಯ್ತಾ? ಇನ್ನೂ ಖುಷಿಪಡಬೇಡಿ. ದೃಶ್ಯಕ್ಕೆ ತಕ್ಕಂತೆ ಬೆಳಕು ಏರಿಳಿಸೋ ಡೈನಮಿಕ್ ಲೇಸರ್ ಇರೋ ಎಷ್ಟೋ ಯಂತ್ರಗಳು ಖಾಲಿ ಫ್ರೇಮ್ ಕಂಡ ತಕ್ಷಣ ಲೇಸರ್ ಆರಿಸಿಬಿಡುತ್ತವೆ. ಬ್ರೋಷರ್‌ನಲ್ಲಿ ‘ಅನಂತ’ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ಅನುಪಾತ) ಅಂತ ಬರೆಯೋದು ಇದರ ಆಧಾರದ ಮೇಲೆ. ಮೂಲೆಯಲ್ಲಿ ಒಂದು ಚಿಕ್ಕ ಬಿಳಿ ಅಕ್ಷರ ಹಾಕಿ ನೋಡಿ: ಲೇಸರ್ ಹೊತ್ತಲೇಬೇಕು, ನಿಜವಾದ ಕಪ್ಪು ಎಷ್ಟು ಬೂದು ಅನ್ನೋದು ಆಗ ಬಯಲಾಗುತ್ತೆ. ಜೆವಿಸಿಯ ಡಿ-ಐಎಲ್‌ಎ, ಸೋನಿಯ ಎಸ್‌ಎಕ್ಸ್‌ಆರ್‌ಡಿ ಥರದ ಎಲ್‌ಕಾಸ್ (ಸಿಲಿಕಾನ್ ಮೇಲೆ ಲಿಕ್ವಿಡ್ ಕ್ರಿಸ್ಟಲ್) ಪ್ಯಾನೆಲ್‌ಗಳಿಗೆ ಹೆಸರು ಬಂದಿರೋದೇ ಈ ನೇಟಿವ್ ಕಪ್ಪಿನಿಂದ, ಅಂದ್ರೆ ಲೇಸರ್ ಆರಿಸದೆ ಪ್ಯಾನೆಲ್ ತಾನೇ ಕೊಡೋ ಕಪ್ಪಿನಿಂದ. ಆದರೆ ಎಲ್‌ಕಾಸ್‌ನಲ್ಲಿ ಮೂಲೆಗಳು ಮಾತ್ರ ಹೊಳೆಯೋ ದೋಷ ಕೆಲವೊಮ್ಮೆ ಇರುತ್ತೆ. ಅದು ಪೀಸಿನಿಂದ ಪೀಸಿಗೆ ಬೇರೆ. ಡೆಮೊ ಪೀಸ್ ಚೆನ್ನಾಗಿದೆ ಅಂತ ಸುಮ್ಮನಾಗಬೇಡಿ, ನಿಮ್ಮ ಮನೆಗೆ ಬರೋ ಡಬ್ಬ ಬಿಚ್ಚಿದಾಗಲೂ ಇದೇ ಪರೀಕ್ಷೆ ಮಾಡಿ.

ಮುಂದೆ ಚೆಸ್ ಬೋರ್ಡ್ ಪ್ಯಾಟರ್ನ್: ಎಂಟು ಬಿಳಿ ಚೌಕ, ಎಂಟು ಕಪ್ಪು. ಒಂದೇ ಫ್ರೇಮ್‌ನಲ್ಲಿ ಬಿಳಿ, ಕಪ್ಪು ಎರಡೂ ಇಟ್ಟು ಅಳೆಯೋ ಇದು ಆನ್ಸಿ ಕಾಂಟ್ರಾಸ್ಟ್. ಇಲ್ಲಿ ಸಾಮಾನ್ಯವಾಗಿ ಡಿಎಲ್‌ಪಿ (ಚಿಪ್ ಮೇಲಿನ ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸೋ ಯಂತ್ರ) ಮೇಲುಗೈ. ಆದರೆ ಯಂತ್ರಕ್ಕಿಂತ ಕೋಣೆಯದ್ದೇ ದರ್ಬಾರು. ಬಿಳಿ ಫಾಲ್ಸ್ ಸೀಲಿಂಗ್, ಬಿಳಿ ಗೋಡೆ ಇದ್ದರೆ ಬಿಳಿ ಚೌಕದ ಬೆಳಕು ಸುತ್ತಿ ಬಂದು ಕಪ್ಪು ಚೌಕದ ಮೇಲೆ ಬೀಳುತ್ತೆ. 100:1 ಸಿಗೋದೂ ಕಷ್ಟ. ಅಂಥ ಹಾಲ್‌ನಲ್ಲಿ ಹಗಲಿನ ದೃಶ್ಯ ನೋಡುವಾಗ ದುಬಾರಿ ಯಂತ್ರಕ್ಕೂ ಅಗ್ಗದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲ್ಲ. ಪ್ರೊಜೆಕ್ಟರ್ ಬಜೆಟ್‌ನಿಂದಲೇ ಒಂದಿಷ್ಟು ತೆಗೆದು ಪರದೆ ಅಕ್ಕಪಕ್ಕದ ಗೋಡೆಗೆ, ಸೀಲಿಂಗ್‌ಗೆ ಮ್ಯಾಟ್ ಕಪ್ಪು ಬಳಿಸಿ.

[ದೃಶ್ಯ: ಪರದೆಗೆ ಹಿಡಿದ ಲಕ್ಸ್ ಮೀಟರ್, 252]

ಬೆಳಕು ಅಳೆಯೋದು ಸುಲಭ. 120 ಇಂಚಿನ 16:9 ಪರದೆಯ ವಿಸ್ತೀರ್ಣ ಹತ್ತಿರ ಹತ್ತಿರ 3.97 ಚದರ ಮೀಟರ್. ಪೂರ್ತಿ ಬಿಳಿ ಹಾಕಿ, ಲಕ್ಸ್ ಮೀಟರನ್ನು ಪರದೆಗೆ ತಾಗಿಸಿ ಲೆನ್ಸ್ ಕಡೆ ಮುಖ ಮಾಡಿ, ಒಂಬತ್ತು ಕಡೆ ಅಳೆದು ಸರಾಸರಿ ತೆಗೀರಿ. ಸರಾಸರಿ 252 ಬಂದರೆ, 3.97ರಿಂದ ಗುಣಿಸಿ: ಪರದೆಗೆ ಬೀಳೋ ಒಟ್ಟು ಬೆಳಕು ಸುಮಾರು 1000 ಲ್ಯೂಮೆನ್. ಗೇನ್ (ಪರದೆ ಬೆಳಕನ್ನು ಎಷ್ಟು ವಾಪಸ್ ಕೊಡುತ್ತೆ ಅನ್ನೋ ಅಳತೆ) 1.0 ಇರೋ ಪರದೆಯಲ್ಲಿ ಕಣ್ಣಿಗೆ ಕಾಣೋ ಪ್ರಖರತೆ ಸುಮಾರು 80 ನಿಟ್ಸ್. ಥಿಯೇಟರಿನ ಮಟ್ಟ 48 ನಿಟ್ಸ್, ಹಾಗಾಗಿ ಇದು ಧಾರಾಳ. ಡಬ್ಬದ ಮೇಲಿನ 3000 ಲ್ಯೂಮೆನ್ ಹೆಚ್ಚಾಗಿ ಹಸಿರು ಛಾಯೆಯ ಅತಿ ಪ್ರಖರ ಮೋಡ್‌ನದ್ದು, ಮುಖಗಳೆಲ್ಲ ಕಾಮಾಲೆ ಬಂದಂತೆ ಕಾಣುತ್ತವೆ. ಪಿ3 (ಸಿನಿಮಾದ ವಿಶಾಲ ಬಣ್ಣಶ್ರೇಣಿ) ಬಣ್ಣದ ಫಿಲ್ಟರ್ ಇದ್ದರೆ ಅದನ್ನು ಹಾಕಿಯೂ ಅಳೆಯಿರಿ, ಬೆಳಕು ಇನ್ನಷ್ಟು ಇಳಿಯುತ್ತೆ.

ಎಚ್‌ಡಿಆರ್ (ಕತ್ತಲೆ, ಬೆಳಕಿನ ವ್ಯಾಪ್ತಿ ಹೆಚ್ಚಿರೋ ವಿಡಿಯೊ) ಕಷ್ಟ ಇಲ್ಲೇ ಇರೋದು. ಸಿನಿಮಾವನ್ನು 1000 ಅಥವಾ 4000 ನಿಟ್ಸ್‌ಗೆ ಮಾಸ್ಟರ್ ಮಾಡಿರುತ್ತಾರೆ, ನಿಮ್ಮ ಹತ್ತಿರ ಇರೋದು 80. ಇವೆರಡನ್ನು ಹೊಂದಿಸೋದು ಟೋನ್ ಮ್ಯಾಪಿಂಗ್. ಸೂರ್ಯನ ಸುತ್ತಲಿನ ಮೋಡ ನೋಡಿ. ಮೋಡದ ಅಂಚು ಬಿಳಿ ಮಚ್ಚೆಯಾಗಿಬಿಟ್ಟರೆ ಪ್ರಖರ ಭಾಗ ಕತ್ತರಿಸಿಹೋಗಿದೆ. ಅಂಚು ಉಳಿದು ಇಡೀ ಚಿತ್ರ ಮಂಕಾದರೆ ಇನ್ನೊಂದು ಅತಿ. ದೃಶ್ಯ ದೃಶ್ಯಕ್ಕೂ ಲೆಕ್ಕ ಬದಲಿಸೋ ಡೈನಮಿಕ್ ಟೋನ್ ಮ್ಯಾಪಿಂಗ್ ದುಬಾರಿ ಯಂತ್ರದಲ್ಲಿ ಇರಲೇಬೇಕು.

ಶಾರ್ಪ್‌ನೆಸ್‌ಗೆ ಜನ ಕೊಡೋ ಮಹತ್ವ ಸ್ವಲ್ಪ ಜಾಸ್ತಿಯೇ. 0.47 ಇಂಚಿನ ಡಿಎಲ್‌ಪಿ ಚಿಪ್‌ನಲ್ಲಿ ಇರೋದು 1920×1080 ಕನ್ನಡಿ. ನಾಲ್ಕು ಸಲ ಸರಿದು 4ಕೆ ಆಗುತ್ತೆ. ಒಂದು ಪಿಕ್ಸೆಲ್‌ನ ಚೆಕರ್‌ಬೋರ್ಡ್ ಹಾಕಿದರೆ ನೇಟಿವ್ 4ಕೆಗೂ ಅದಕ್ಕೂ ವ್ಯತ್ಯಾಸ ಕಾಣುತ್ತೆ, ಸಿನಿಮಾದಲ್ಲಿ ಹುಡುಕಬೇಕು. ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಪ್ಯಾನೆಲ್ ಇರೋ ಮೂರು ಪ್ಯಾನೆಲ್ ಯಂತ್ರದಲ್ಲಿ ಬಿಳಿ ಗೆರೆಯ ಅಂಚಿನಲ್ಲಿ ಕೆಂಪು, ನೀಲಿ ಇಣುಕುತ್ತಾ ನೋಡಿ. ಪರದೆ ತುಂಬಾ ಒಂದೇ ದಿಕ್ಕಿಗಿದ್ದರೆ ಕನ್ವರ್ಜೆನ್ಸ್ (ಮೂರು ಪ್ಯಾನೆಲ್ ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ), ಮೆನುವಿನಲ್ಲಿ ಸರಿಪಡಿಸಬಹುದು. ಮೂಲೆಗಳಲ್ಲಿ ಮಾತ್ರ ಇದ್ದರೆ ಲೆನ್ಸಿನ ದೋಷ, ಮೆನುವಿನಿಂದ ಹೋಗಲ್ಲ. 120 ಇಂಚಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.7 ಮಿಲಿಮೀಟರ್, ಮೂರೂವರೆ ಮೀಟರ್ ದೂರದ ಸೀಟಿಂದ ಅದು ಕಣ್ಣಿಗೆ ಬೀಳಲ್ಲ.

ಒಂದೇ ಚಿಪ್‌ನ ಡಿಎಲ್‌ಪಿ ಆದರೆ ಮನೆಯವರನ್ನೂ ಕರ್ಕೊಂಡು ಹೋಗಿ. ಕಪ್ಪಿನ ಮೇಲಿನ ಬಿಳಿ ಅಕ್ಷರದ ಮೇಲೆ ಕಣ್ಣು ಬೇಗ ಹಾಯಿಸಿದಾಗ ಕೆಲವರಿಗೆ ಮಾತ್ರ ಕಾಮನಬಿಲ್ಲಿನ ಮಿಂಚು ಕಾಣುತ್ತೆ. ನಿಧಾನಕ್ಕೆ ಸರಿಯೋ ದೃಶ್ಯ ಜರ್ಕ್ ಹೊಡೆದರೆ ಮೊದಲು ಪ್ಲೇಯರ್ ನೋಡಿ: 24 ಫ್ರೇಮ್‌ನ ಸಿನಿಮಾವನ್ನು 60 ಹರ್ಟ್ಸ್‌ನಲ್ಲಿ ಕಳಿಸ್ತಿದ್ದರೆ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಬರುತ್ತೆ, ಪಾಪ ಪ್ರೊಜೆಕ್ಟರ್ ಏನು ಮಾಡೀತು.

ಡೆಮೊ ಬುಕ್ ಮಾಡುವಾಗಲೇ ನಿಮ್ಮ ಕೋಣೆಯ ಅಳತೆ ಕಳಿಸಿ. ಲೆನ್ಸಿನ ಝೂಮ್ ಟೆಲಿ ತುದಿಗೆ (ಚಿತ್ರ ಚಿಕ್ಕದಾಗೋ ಕಡೆಗೆ) ಹೋದಂತೆ ಬೆಳಕು ಕಡಿಮೆ ಬರುತ್ತೆ. ಅದಕ್ಕೆ ನಿಮ್ಮ ಮನೆಯ ದೂರಕ್ಕೆ, ನಿಮ್ಮ ಪರದೆಯ ಗಾತ್ರಕ್ಕೇ ಯಂತ್ರ ಇಡಿಸಿ ಅಳೆಯಿರಿ.