"ಸ್ವಾತಂತ್ರ್ಯ ಕೊಡಿ, ಇಲ್ಲ ಸಾವು ಕೊಡಿ": ಈ ಸಾಲು ಅಷ್ಟು ನಾಟಿದ್ದು ಹೇಗೆ?

(ಪರದೆ ಮೇಲೆ: ಗುಡ್ಡದ ಮೇಲೊಂದು ಬಿಳಿ ಮರದ ಚರ್ಚ್)

ನಮಸ್ಕಾರ. 1775ರ ಮಾರ್ಚ್ 23. ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಅಮೆರಿಕದ ವರ್ಜೀನಿಯಾದಲ್ಲಿ ರಿಚ್ಮಂಡ್ ಅನ್ನುವ ಪುಟ್ಟ ಊರು. ಅಲ್ಲಿನ ಸೇಂಟ್ ಜಾನ್ಸ್ ಚರ್ಚಿನಲ್ಲಿ ಸುಮಾರು 120 ಪ್ರತಿನಿಧಿಗಳು ಒತ್ತೊತ್ತಾಗಿ ಕೂತಿದ್ದಾರೆ. ಜಾರ್ಜ್ ವಾಷಿಂಗ್ಟನ್ ಇದ್ದಾರೆ, ಥಾಮಸ್ ಜೆಫರ್ಸನ್ ಇದ್ದಾರೆ. ವರ್ಜೀನಿಯಾದ ರಾಜಧಾನಿ ವಿಲಿಯಮ್ಸ್‌ಬರ್ಗ್. ಆದರೆ ಅಲ್ಲಿ ಬ್ರಿಟಿಷ್ ಗವರ್ನರ್ ಲಾರ್ಡ್ ಡನ್‌ಮೋರ್ ಇದ್ದಾರೆ. ಅವರ ಕಣ್ಣಿಗೆ ಬೀಳದಿರಲಿ ಅಂತ ಸಭೆ ಇಲ್ಲಿ ಸೇರಿದೆ.

ಪ್ರಶ್ನೆ ಒಂದೇ. ನಾವೇ ಒಂದು ಪಡೆ ಕಟ್ಟಬೇಕಾ, ಅಥವಾ ಬ್ರಿಟನ್ನಿನ ದೊರೆಗೆ ಇನ್ನೊಂದು ಮನವಿ ಕಳಿಸಿ ಕಾಯಬೇಕಾ? ಕೂತವರಲ್ಲಿ ಹೆಚ್ಚಿನವರು ಆಸ್ತಿವಂತರು. ಯುದ್ಧವಾದರೆ ಕಳೆದುಕೊಳ್ಳುವುದು ಬಹಳ ಇದೆ. ಆಗ 38 ವರ್ಷದ ಒಬ್ಬ ವಕೀಲ ಎದ್ದು ನಿಲ್ಲುತ್ತಾರೆ. ಪ್ಯಾಟ್ರಿಕ್ ಹೆನ್ರಿ.

"ಸ್ವಾತಂತ್ರ್ಯ ಕೊಡಿ, ಇಲ್ಲ ಸಾವು ಕೊಡಿ" ಅನ್ನುವ ಕೊನೆ ಸಾಲು ಎಲ್ಲರಿಗೂ ಗೊತ್ತು. ನಮಗೆ 1942ರ "ಮಾಡು ಇಲ್ಲವೇ ಮಡಿ" ಹೇಗೋ, ಅಮೆರಿಕದವರಿಗೆ ಇದು ಹಾಗೆ. ಆದರೆ ಆ ಸಾಲನ್ನೇ ಮೊದಲು ಹೇಳಿದ್ದರೆ ಯಾರೂ ಕದಲುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಕೇಳುಗರ ಮನಸ್ಸಿನಲ್ಲಿ ತಪ್ಪಿಸಿಕೊಳ್ಳಲು ಇದ್ದ ಬಾಗಿಲುಗಳನ್ನೆಲ್ಲ ಅವರು ಅಷ್ಟರಲ್ಲಿ ಒಂದೊಂದಾಗಿ ಮುಚ್ಚಿಬಿಟ್ಟಿದ್ದರು. ನೋಡಬೇಕಾದ್ದು ಅದನ್ನು.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಆ ದಿನ ಯಾರೂ ಭಾಷಣವನ್ನು ಬರೆದುಕೊಳ್ಳಲಿಲ್ಲ. ಇವತ್ತು ನಾವು ಓದುವುದು ವಿಲಿಯಂ ವರ್ಟ್ ಎಂಬ ವಕೀಲರು 1817ರಲ್ಲಿ ಹೆನ್ರಿ ಜೀವನಚರಿತ್ರೆಯಲ್ಲಿ ಅಚ್ಚು ಹಾಕಿಸಿದ ಪಾಠ. ಅಷ್ಟರಲ್ಲಿ ಹೆನ್ರಿ ತೀರಿಕೊಂಡು 18 ವರ್ಷ ಆಗಿತ್ತು. ಕಣ್ಣಾರೆ ಕಂಡವರ ನೆನಪಿನಿಂದ ವರ್ಟ್ ಅದನ್ನು ಕಟ್ಟಿದರು. ಹಾಗಾಗಿ ಪ್ರತಿ ಪದವೂ ಹೆನ್ರಿಯದೇ ಅನ್ನಲಾಗದು. ನಮ್ಮ ಕೈಲಿರುವುದು ಈ ಪಾಠ, ಓದುವುದು ಇದನ್ನೇ.

(ಪರದೆ ಮೇಲೆ: ಭಾಷಣದ ಮೊದಲ ಪ್ಯಾರಾ)

ಶುರು ಎಷ್ಟು ಮೆತ್ತಗಿದೆ ನೋಡಿ. ಈಗಷ್ಟೇ ಮಾತಾಡಿದ ಮಹನೀಯರ ದೇಶಪ್ರೇಮದ ಬಗ್ಗೆ ನನಗಿರುವಷ್ಟು ಗೌರವ ಇನ್ಯಾರಿಗೂ ಇಲ್ಲ, ಆದರೆ ಒಂದೇ ವಿಷಯ ಬೇರೆಬೇರೆಯವರಿಗೆ ಬೇರೆಬೇರೆ ಥರ ಕಾಣುತ್ತದೆ, ಅನ್ನುತ್ತಾರೆ. ಎದುರಾಳಿಗೆ ಮೊದಲು ಮರ್ಯಾದೆ. ಬೈದಿದ್ದರೆ ಅವರು ಅಲ್ಲೇ ಕಿವಿ ಮುಚ್ಚಿಕೊಳ್ಳುತ್ತಿದ್ದರು, ಅಲ್ವಾ?

ಆಮೇಲೆ ಪ್ರಶ್ನೆಗಳು. ದೊರೆಗೆ ನಮ್ಮ ಮೇಲೆ ಪ್ರೀತಿ ಇದೆ ಅನ್ನುತ್ತೀರಿ. ಸರಿ, ಪ್ರೀತಿಗೆ, ರಾಜಿಗೆ ಹಡಗು, ಸೈನ್ಯ ಯಾಕೆ ಬೇಕು? ಜಗತ್ತಿನ ಈ ಭಾಗದಲ್ಲಿ ಬ್ರಿಟನ್ನಿಗೆ ಬೇರೆ ಶತ್ರು ಯಾರಿದ್ದಾರೆ? ಉತ್ತರವನ್ನು ಕೇಳುವವರೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ. ಬೇರೆಯವರು ಹೇಳಿದ್ದನ್ನು ಅಲ್ಲಗಳೆಯಬಹುದು, ತಾನೇ ಹೇಳಿಕೊಂಡ ಉತ್ತರವನ್ನು ಅಲ್ಲಗಳೆಯುವುದು ಕಷ್ಟ. ಕೋರ್ಟಿನಲ್ಲಿ ಪಳಗಿದ ವಕೀಲರಿಗೆ ಇದು ಚೆನ್ನಾಗಿ ಗೊತ್ತು.

ನನಗೆ ತುಂಬಾ ಇಷ್ಟವಾದ ಜಾಗ ಈಗ ಬರುತ್ತದೆ. ಇನ್ನೊಂದು ಮನವಿ ಕಳಿಸೋಣ ಅನ್ನುವವರಿಗೆ ಕೊಟ್ಟ ಉತ್ತರ. ಕನ್ನಡದಲ್ಲಿ ಹೇಳುವುದಾದರೆ:

"ಮನವಿ ಕೊಟ್ಟೆವು. ತಕರಾರು ಹೇಳಿದೆವು. ಬೇಡಿಕೊಂಡೆವು. ಸಿಂಹಾಸನದ ಮುಂದೆ ಅಡ್ಡಬಿದ್ದೆವು."

ನಾಲ್ಕು ಕ್ರಿಯಾಪದ. ಜೋರಾಗಿ ಹೇಳಿ ನೋಡಿ, ಮನುಷ್ಯನ ಮೈ ಕೆಳಗಿಳಿಯುತ್ತಾ ಹೋಗುವುದು ಕಾಣುತ್ತದೆ. ಮನವಿ ಕೊಡುವವನು ನಿಂತಿದ್ದಾನೆ. ತಕರಾರು ಹೇಳುವವನೂ ನಿಂತೇ ಇದ್ದಾನೆ. ಬೇಡುವವನ ಬೆನ್ನು ಬಗ್ಗಿದೆ. ಕೊನೆಯವನು ನೆಲಕ್ಕೇ ಬಿದ್ದಿದ್ದಾನೆ. ಅದಕ್ಕಿಂತ ಕೆಳಗೆ ಹೋಗಲು ಜಾಗವೇ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಸಿಂಹಾಸನದ ಬುಡದಿಂದ ನಮ್ಮನ್ನು ತಿರಸ್ಕಾರದಿಂದ ತಳ್ಳಿದರು ಅನ್ನುತ್ತಾರೆ ಹೆನ್ರಿ. ಚರ್ಚಿನಲ್ಲಿ ಕೂತವರೆಲ್ಲ ಮಾನವಂತರು, ನಾಲ್ಕು ಜನರ ಮುಂದೆ ತಲೆ ಎತ್ತಿ ನಡೆದವರು. ನೆಲಕ್ಕೆ ಬಿದ್ದವರ ಚಿತ್ರ ಅವರದೇ. ಮೈ ಉರಿಯದೆ ಇರುತ್ತದೆಯೇ?

ಇನ್ನೊಂದು ಬಾಗಿಲು ಉಳಿದಿತ್ತು: ನಮಗೆ ಶಕ್ತಿ ಸಾಲದು, ಸ್ವಲ್ಪ ಕಾಯೋಣ. ಹೆನ್ರಿ ಕೇಳುತ್ತಾರೆ, ಶಕ್ತಿ ಬರುವುದು ಯಾವಾಗ? ಮುಂದಿನ ವಾರವಾ? ಮುಂದಿನ ವರ್ಷವಾ? ನಮ್ಮ ಆಯುಧ ಎಲ್ಲ ಕಿತ್ತುಕೊಂಡು ಮನೆಮನೆಗೂ ಬ್ರಿಟಿಷ್ ಕಾವಲುಗಾರನನ್ನು ನಿಲ್ಲಿಸಿದ ಮೇಲಾ? ಭಯವನ್ನು ತಂದು ಮನೆಯ ಹೊಸ್ತಿಲಲ್ಲೇ ಇಟ್ಟರು.

ಮಾತಿನ ಬನಿ ಬಂದಿದ್ದು ಬೈಬಲ್‌ನಿಂದ. "ಶಾಂತಿ, ಶಾಂತಿ ಅನ್ನುತ್ತಾರೆ, ಆದರೆ ಶಾಂತಿ ಇಲ್ಲ" ಅನ್ನುವುದು ಪ್ರವಾದಿ ಯೆರೆಮೀಯನ ಮಾತು. "ಮುತ್ತಿಟ್ಟು ದ್ರೋಹ ಮಾಡುವವರಿಗೆ ಸಿಕ್ಕಿಕೊಳ್ಳಬೇಡಿ" ಅಂದರೆ, ಯೇಸುವನ್ನು ಮುತ್ತಿಟ್ಟು ಹಿಡಿದುಕೊಟ್ಟ ಯೂದನ ಕಥೆ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ. ಚಿಕ್ಕಂದಿನಲ್ಲಿ ಹೆನ್ರಿಯನ್ನು ತಾಯಿ ಸ್ಯಾಮ್ಯುಯೆಲ್ ಡೇವಿಸ್ ಎಂಬ ಬೋಧಕರ ಪ್ರವಚನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ವಾಪಸ್ ಬರುವ ದಾರಿಯಲ್ಲಿ ಕೇಳಿದ್ದನ್ನು ಮತ್ತೆ ಹೇಳಿಸುತ್ತಿದ್ದರಂತೆ. ಆ ಅಭ್ಯಾಸ ಇಲ್ಲಿ ಫಲ ಕೊಟ್ಟಿದೆ.

(ಪರದೆ ಮೇಲೆ: ಕಬ್ಬಿಣದ ಸಂಕೋಲೆ)

ಕೊನೆಯಲ್ಲಿ ಬರುವುದು ಸಂಕೋಲೆ. ನಮ್ಮ ಸಂಕೋಲೆ ಆಗಲೇ ತಯಾರಾಗಿದೆ, ಅದರ ಸದ್ದು ಬಾಸ್ಟನ್ ಬಯಲಿನಲ್ಲಿ ಕೇಳುತ್ತಿದೆ ಅನ್ನುತ್ತಾರೆ. ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದ ಊರು ಬಾಸ್ಟನ್. ಆಗ ಹೆನ್ರಿ ಗುಲಾಮನ ಹಾಗೆ ಬಗ್ಗಿ, ಮಣಿಕಟ್ಟುಗಳನ್ನು ಅಡ್ಡಡ್ಡ ಜೋಡಿಸಿ ನಿಂತಿದ್ದರು ಅಂತ ಅಲ್ಲಿದ್ದ ಒಬ್ಬರು ಮುದಿವಯಸ್ಸಿನಲ್ಲಿ ನೆನಪಿಸಿಕೊಂಡಿದ್ದಾರೆ.

ಇಲ್ಲಿ ನನಗೆ ಮುಂದೆ ಹೋಗಲು ಆಗುವುದಿಲ್ಲ. ಸಂಕೋಲೆ ಅಂದರೆ ಏನು ಅಂತ ಆ ಸಭೆಗೆ ಬಹಳ ಚೆನ್ನಾಗಿ ಗೊತ್ತಿತ್ತು. ಅಲ್ಲಿದ್ದ ಎಷ್ಟೋ ಜನರ ಹೊಲದಲ್ಲಿ ದುಡಿಯುತ್ತಿದ್ದವರು ಗುಲಾಮರು. ಹೆನ್ರಿ ಬಳಿಯೂ ಗುಲಾಮರಿದ್ದರು. ಎರಡು ವರ್ಷ ಮೊದಲು, 1773ರಲ್ಲಿ, ಒಂದು ಪತ್ರದಲ್ಲಿ ಅವರೇ ಬರೆದಿದ್ದರು: ನಾನೇ ದುಡ್ಡು ಕೊಟ್ಟುಕೊಂಡ ಗುಲಾಮರಿಗೆ ಒಡೆಯ ನಾನು, ಅವರಿಲ್ಲದೆ ಇಲ್ಲಿ ಬದುಕುವುದು ಕಷ್ಟ ಅಂತ ಹೀಗೇ ಸಾಗಿದೆ, ಇದನ್ನು ಸಮರ್ಥಿಸಿಕೊಳ್ಳಲಾರೆ. ತಪ್ಪು ಅಂತ ಗೊತ್ತಿತ್ತು, ಬಿಡಲಿಲ್ಲ. ಆ ರೂಪಕಕ್ಕೆ ಅಷ್ಟು ಬಲ ಬಂದಿದ್ದೇ ನಿಜವಾದ ಸಂಕೋಲೆ ಹೊತ್ತವರು ಅವರ ಕಣ್ಣೆದುರಿಗೆ ಇದ್ದದ್ದರಿಂದ. 1775ರ ನವೆಂಬರಿನಲ್ಲಿ ಅದೇ ಲಾರ್ಡ್ ಡನ್‌ಮೋರ್, ಬಂಡಾಯಗಾರರ ಗುಲಾಮರು ಬ್ರಿಟಿಷರ ಪರ ಆಯುಧ ಹಿಡಿದರೆ ಬಿಡುಗಡೆ ಅಂತ ಸಾರಿದರು. ನೂರಾರು ಜನ ಓಡಿಹೋಗಿ ಸೇರಿಕೊಂಡರು. ಸ್ವಾತಂತ್ರ್ಯ ಇಲ್ಲವೇ ಸಾವು ಅನ್ನುವ ಮಾತನ್ನು ಅವರೂ ಬದುಕಿ ತೋರಿಸಿದರು.

ಈಗ ಆ ಕೊನೆ ಸಾಲಿಗೆ ಬರೋಣ. ಭಾಷಣದಲ್ಲಿ ಹೆಚ್ಚಾಗಿ "ನಾವು". ನಾವು ಬೇಡಿದೆವು, ನಾವು ಹೋರಾಡಬೇಕು. ಕೊನೆಗೆ ಥಟ್ಟನೆ "ನಾನು". "ಬೇರೆಯವರು ಯಾವ ದಾರಿ ಹಿಡಿಯುತ್ತಾರೋ ಗೊತ್ತಿಲ್ಲ. ನನಗಂತೂ ಸ್ವಾತಂತ್ರ್ಯ ಕೊಡಿ, ಇಲ್ಲ ಸಾವು ಕೊಡಿ." ನೀವೂ ಬನ್ನಿ ಅನ್ನುವುದಿಲ್ಲ. ತಾನೊಬ್ಬನೇ ಹೋಗಿ ಆಚೆ ನಿಲ್ಲುತ್ತಾರೆ. ಉಳಿದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು, ನಾನೆಲ್ಲಿ ನಿಂತಿದ್ದೇನೆ ಅಂತ. ನಿಜ ಹೇಳಬೇಕೆಂದರೆ ಸ್ವಾತಂತ್ರ್ಯಕ್ಕೂ ಸಾವಿಗೂ ನಡುವೆ ಬೇರೆ ದಾರಿಗಳಿದ್ದವು. ಅವು ಕಾಣದ ಹಾಗೆ ಮಾಡಿದ್ದೇ ಈ ಭಾಷಣದ ಕಸುಬು.

ಚಪ್ಪಾಳೆ ಬೀಳಲಿಲ್ಲ ಅನ್ನುತ್ತಾರೆ ವರ್ಟ್. ಸಭೆ ಸುಮ್ಮನೆ ಕೂತಿತ್ತು. ಆಮೇಲೆ ಪಡೆ ಕಟ್ಟುವ ಠರಾವು ಪಾಸಾಯಿತು, ಅದೂ ಕಡಿಮೆ ಅಂತರದಲ್ಲಿ. ಒಂದು ತಿಂಗಳೂ ಕಳೆಯಲಿಲ್ಲ, ಏಪ್ರಿಲ್ 19ಕ್ಕೆ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ನಲ್ಲಿ ಗುಂಡು ಹಾರಿತು, ಯುದ್ಧ ಶುರುವಾಯಿತು.

(ಪರದೆ ಮೇಲೆ: ಚರ್ಚಿನ ಕಿಟಕಿ, ಹೊರಗೆ ಹುಲ್ಲು)

ಒಳಗೆ ಜಾಗ ಸಿಗದೆ ಕಿಟಕಿಯ ಹೊರಗೆ ನಿಂತು ಕೇಳಿದವರಲ್ಲಿ ಎಡ್ವರ್ಡ್ ಕ್ಯಾರಿಂಗ್ಟನ್ ಎಂಬ ಯುವಕರೂ ಇದ್ದರು. ಭಾಷಣ ಮುಗಿದಾಗ, "ನನ್ನನ್ನು ಇಲ್ಲೇ ಮಣ್ಣು ಮಾಡಿ" ಅಂದರಂತೆ. 35 ವರ್ಷದ ನಂತರ, 1810ರಲ್ಲಿ, ಅವರ ಸಮಾಧಿಯಾಗಿದ್ದು ಅದೇ ಚರ್ಚಿನ ಅಂಗಳದಲ್ಲಿ.